ಎರಡು ಕಿವಿಯ ಮೊಬೈಲ್

ಕಿಟಕಿಯ ಬಳಿ ನಿಂತು ಮೊಬೈಲಿನಲ್ಲಿ ಮಾತನಾಡುತ್ತಿರುತ್ತೀರಿ. ಇದ್ದಕ್ಕಿದ್ದಂತೆ ಆ ಕಡೆಯ ದನಿ ಕಡಿದುಹೋಗುತ್ತದೆ. ಅರ್ಧ ಹೆಜ್ಜೆ ಸರಿದರೆ ಮತ್ತೆ ಸ್ಪಷ್ಟ. ಟವರ್ ಇದ್ದಲ್ಲೇ ಇದೆ. ಹಾಗಾದರೆ ಬದಲಾದದ್ದೇನು?

ಟವರಿನಿಂದ ಹೊರಟ ರೇಡಿಯೊ ಅಲೆ ಒಂದೇ ದಾರಿ ಹಿಡಿದು ಬರುವುದಿಲ್ಲ. ಎದುರಿನ ಕಟ್ಟಡಕ್ಕೆ ತಾಗಿ, ನೀರಿನ ಟ್ಯಾಂಕಿಗೆ ಬಡಿದು, ನಿಂತ ಬಸ್ಸಿನ ಮೈಯಿಂದ ಪುಟಿದು ಹತ್ತಾರು ದಾರಿಗಳಲ್ಲಿ ಬರುತ್ತದೆ. ಉಬ್ಬಿಗೆ ಉಬ್ಬು ಸೇರಿದಲ್ಲಿ ಸಂಕೇತಕ್ಕೆ ಬಲ. ಉಬ್ಬಿಗೆ ತಗ್ಗು ಎದುರಾದಲ್ಲಿ ಒಂದನ್ನೊಂದು ಅಳಿಸಿಬಿಡುತ್ತವೆ. ಪಿಯುಸಿಯಲ್ಲಿ ಬೆಳಕಿನ ವ್ಯತಿಕರಣ ಎಂದು ಓದಿದ್ದು ಇದನ್ನೇ. 900 ಮೆಗಾಹರ್ಟ್ಸ್ ಅಲೆಯ ತರಂಗಾಂತರ ಸುಮಾರು 33 ಸೆಂಟಿಮೀಟರ್. ಅದರ ಅರ್ಧ, ಅಂದರೆ ಒಂದು ಗೇಣಿಗಿಂತ ಕಡಿಮೆ ಅಂತರದಲ್ಲೇ ಸಂಕೇತ ಏರಿ ಇಳಿಯಬಲ್ಲದು.

ಒಂದು ಆಂಟೆನಾ ಇಂಥ ಕುಳಿಯಲ್ಲಿ ಸಿಕ್ಕಿಕೊಂಡಾಗ ಪಕ್ಕದ ಇನ್ನೊಂದು ಪಾರಾಗಿರಬಹುದಲ್ಲ? ಉಪಾಯ ಹಳೆಯದು. 1931ರಲ್ಲೇ ಅಮೆರಿಕದ ಬೆವರೇಜ್ ಮತ್ತು ಪೀಟರ್ಸನ್ ಎಂಬ ಎಂಜಿನಿಯರುಗಳು, ದೂರ ದೂರ ನೆಟ್ಟ ಆಂಟೆನಾಗಳಿಂದ ಒಂದೇ ಸಂದೇಶವನ್ನು ಹಿಡಿಯುವ ವ್ಯವಸ್ಥೆಯನ್ನು ವಿವರಿಸಿದ್ದರು. ಲೆಕ್ಕ ಸರಳ. ಒಂದು ಆಂಟೆನಾ ನೂರರಲ್ಲಿ ಹತ್ತು ಸಲ ಸಂಕೇತ ಕಳೆದುಕೊಳ್ಳುತ್ತದೆ ಎನ್ನಿ. ಎರಡರ ಏರಿಳಿತಗಳಿಗೆ ಪರಸ್ಪರ ಸಂಬಂಧವಿಲ್ಲದಿದ್ದರೆ, ಎರಡೂ ಒಟ್ಟಿಗೆ ಕಳೆದುಕೊಳ್ಳುವುದು ನೂರರಲ್ಲಿ ಒಂದೇ ಸಲ.

ಅಂಗೈಯಗಲದ ಫೋನಿನಲ್ಲಿ ಇದನ್ನು ಸಾಧಿಸುವುದು ಸುಲಭವಲ್ಲ. ಜೊತೆಗೆ ನಮ್ಮ ಕೈಯೇ ಅಡ್ಡಿ. 2010ರ ಐಫೋನ್ 4ರಲ್ಲಿ ಹೊರಗಿನ ಲೋಹದ ಪಟ್ಟಿಯೇ ಆಂಟೆನಾ. ಕೆಳಗಿನ ಎಡಮೂಲೆಯ ಸಂದನ್ನು ಕೈ ಮುಚ್ಚಿದರೆ ಸಂಕೇತ ಕುಗ್ಗುತ್ತಿತ್ತು. ದೊಡ್ಡ ಗದ್ದಲವೇ ಆಯಿತು. ಮರುವರ್ಷದ 4ಎಸ್ ಮಾದರಿ, ಎರಡು ಆಂಟೆನಾಗಳಲ್ಲಿ ಉತ್ತಮವಾದದ್ದನ್ನು ತಾನೇ ಆರಿಸಿಕೊಳ್ಳುವಂತೆ ಬಂತು.

ಇದರ ಲಾಭ ಫೋನಿನ ಒಡೆಯನಿಗಷ್ಟೇ ಎಂದು ತಿಳಿಯಬೇಡಿ. ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ಕಿವಿ ಮಂದವಾದವರೊಬ್ಬರಿದ್ದರೆ ಅಂಗಡಿಯವರು ನಿಧಾನವಾಗಿ, ಎರಡೆರಡು ಸಲ ಹೇಳಬೇಕಾಗುತ್ತದೆ, ಹಿಂದಿನವರು ಕಾಯಬೇಕು. ಟವರಿನದೂ ಅದೇ ಪಾಡು. ಸರಿಯಾಗಿ ಕೇಳಿಸದ ಫೋನಿಗೆ ಅದೇ ಮಾಹಿತಿಯನ್ನು ನಿಧಾನಗತಿಯಲ್ಲಿ, ಹೆಚ್ಚು ಹೊತ್ತು ಕಳಿಸಬೇಕು. ಆ ಹೊತ್ತು ಊರಿನವರೆಲ್ಲ ಹಂಚಿಕೊಳ್ಳಬೇಕಾದ ಹೊತ್ತು. ನಿಮ್ಮ ಫೋನಿನ ಎರಡನೇ ಆಂಟೆನಾದಿಂದ ಪಕ್ಕದ ಮನೆಯ ವಿಡಿಯೊ ಕೂಡ ಚುರುಕಾಗುವುದು ಹೀಗೆ. 4ಜಿ ಸ್ಮಾರ್ಟ್‌ಫೋನುಗಳಲ್ಲಿ ಸಾಮಾನ್ಯವಾಗಿ ಕನಿಷ್ಠ ಎರಡು ಗ್ರಾಹಕ ಆಂಟೆನಾಗಳಿರುತ್ತವೆ.

ಮುಂದಿನ ಹೆಜ್ಜೆಯ ಹಿಂದೆ ನಮ್ಮವರೊಬ್ಬರಿದ್ದಾರೆ. ನೌಕಾಪಡೆಗೆ ಸೋನಾರ್ ರೂಪಿಸಿದ, ಬೆಂಗಳೂರಿನ ಕೃತಕ ಬುದ್ಧಿಮತ್ತೆ ಮತ್ತು ರೋಬೊಟಿಕ್ಸ್ ಕೇಂದ್ರವನ್ನು ಕಟ್ಟಿದ ಆರೋಗ್ಯಸ್ವಾಮಿ ಪೌಲ್‌ರಾಜ್, ಬಳಿಕ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಸೇರಿದರು. ಎರಡೂ ತುದಿಗಳಲ್ಲಿ ಹಲವು ಆಂಟೆನಾಗಳಿದ್ದರೆ, ಒಂದೇ ಆವರ್ತಾಂಕದಲ್ಲಿ ಏಕಕಾಲಕ್ಕೆ ಬೇರೆ ಬೇರೆ ಸಂದೇಶಗಳನ್ನು ಕಳಿಸಬಹುದು ಎಂಬ ಅವರ ಮತ್ತು ಥಾಮಸ್ ಕೈಲಾತರ ವಿಚಾರಕ್ಕೆ 1994ರಲ್ಲಿ ಪೇಟೆಂಟ್ ದೊರೆಯಿತು. ಪೌಲ್‌ರಾಜ್‌ಗೆ 2014ರಲ್ಲಿ ಮಾರ್ಕೋನಿ ಪ್ರಶಸ್ತಿ ಬಂತು. ಈ ತಂತ್ರದ ಹೆಸರು ಮೈಮೊ.

ಎರಡು ಸಂದೇಶ ಕಲಸಿಹೋಗುವುದಿಲ್ಲವೇ? ಹೋಗುತ್ತವೆ. ಆದರೆ ಪ್ರೌಢಶಾಲೆಯ ಗಣಿತ ನೆನಪಿಸಿಕೊಳ್ಳಿ. ಎರಡು ಸಂಖ್ಯೆಗಳ ಮೊತ್ತ 10 ಎಂದಷ್ಟೇ ಹೇಳಿದರೆ ಉತ್ತರವಿಲ್ಲ. ವ್ಯತ್ಯಾಸ 4 ಎಂದೂ ಹೇಳಿದರೆ 7 ಮತ್ತು 3 ಹೊರಬೀಳುತ್ತವೆ. ಒಂದೊಂದು ಆಂಟೆನಾ ಒಂದೊಂದು ಸಮೀಕರಣ ಕೊಡುತ್ತದೆ. ಬಿಡಿಸುವ ಕೆಲಸ ಫೋನಿನ ಚಿಪ್ಪಿನದು.

ಇಲ್ಲೊಂದು ತಮಾಷೆಯಿದೆ. ಮೊದಲ ಸಮೀಕರಣ ಮೊತ್ತ 10, ಎರಡನೆಯದು ಮೊತ್ತದ ಎರಡರಷ್ಟು 20 ಎಂದಿದ್ದರೆ? ಹೊಸತೇನೂ ತಿಳಿಯಲಿಲ್ಲ. ಅಡ್ಡಿಯಿಲ್ಲದ ಬಯಲಿನಲ್ಲಿ ಟವರಿಗೆ ಎದುರಾಗಿ ನಿಂತರೆ ಹೆಚ್ಚುಕಡಿಮೆ ಹೀಗೇ ಆಗುತ್ತದೆ. ಸಂಕೇತ ಬಲವಾಗಿದ್ದರೂ ಎರಡು ಆಂಟೆನಾಗಳೂ ಒಂದೇ ಕಥೆ ಹೇಳುತ್ತವೆ. ಗೋಡೆ, ಟ್ಯಾಂಕು, ಬಸ್ಸುಗಳಿಂದ ಪುಟಿದು ಬಂದ ಅಲೆಗಳಿದ್ದರೆ ಮಾತ್ರ ಕಥೆ ಬೇರೆ ಬೇರೆ. ಮೊದಲು ಮಾತು ಕಡಿಯುತ್ತಿದ್ದ ಪ್ರತಿಫಲನವೇ ಇಲ್ಲಿ ಕೆಲಸಕ್ಕೆ ಬಂತು!

2022ರ ಅಕ್ಟೋಬರಿನಲ್ಲಿ ನಮ್ಮಲ್ಲಿ ಆರಂಭವಾದ 5ಜಿಯ ಒಂದು ಮುಖ್ಯ ಪಟ್ಟಿ 3.5 ಗಿಗಾಹರ್ಟ್ಸ್ ಸುತ್ತಮುತ್ತಲಿನದು. ಅಲ್ಲಿ ತರಂಗಾಂತರ ಎಂಟೂವರೆ ಸೆಂಟಿಮೀಟರ್ ಮಾತ್ರವಾದ್ದರಿಂದ ಫೋನಿನೊಳಗೆ ನಾಲ್ಕು ಗ್ರಾಹಕ ಆಂಟೆನಾಗಳಿಗೂ ಜಾಗವಿದೆ. ಅವು ಅಂಚುಗಳಲ್ಲಿರುವುದೇ ವಾಡಿಕೆ. ಫೋನನ್ನು ಅಡ್ಡಲಾಗಿ ಹಿಡಿದು, ಎರಡೂ ತುದಿಗಳನ್ನು ಮುಷ್ಟಿಯಲ್ಲಿ ಮುಚ್ಚಿ ಆಟವಾಡುವ ಹುಡುಗರು ನೆಟ್‌ವರ್ಕ್ ಸರಿಯಿಲ್ಲವೆಂದು ಗೊಣಗಿದರೆ, ಮೊದಲು ಬೆರಳು ಸ್ವಲ್ಪ ಸರಿಸಿ ನೋಡಲು ಹೇಳಿ.