ಹಿತ್ತಿಲಿನ ಕೆಲಸದ ಕೋಣೆ: ಅದರಲ್ಲಿ ನಿಮ್ಮ ಪಾಲೆಷ್ಟು?

ಮಧ್ಯಾಹ್ನದ ಊಟ ಮುಗಿದ ಮೇಲೆ ಹಜಾರದ ಮೂಲೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುತ್ತೀರಿ. ಒಂದು ತೋಳು ಹೊಲಿಯುವಷ್ಟರಲ್ಲಿ ನೆಂಟರು ಬರುತ್ತಾರೆ. ಬಟ್ಟೆ ಮಡಚಿ, ಯಂತ್ರಕ್ಕೆ ಮುಸುಕು ಹಾಕಿ, ಚಹಾ ಇಡಲು ಏಳುತ್ತೀರಿ. ಹಿಂದಿನ ಜಗಲಿಯಲ್ಲಿ ಯಜಮಾನರು ಮರ ಕೊಯ್ಯುತ್ತಿದ್ದಾರೆ. ಅದರ ಪುಡಿ ಒಣಹಾಕಿದ ಬಟ್ಟೆಯ ಮೇಲೂ ಅಡುಗೆ ಮನೆಯ ಕಿಟಕಿಯ ಮೇಲೂ ಕೂತಿದೆ. ಕಿರಿಯ ಮಗ ಕೆಮ್ಮುತ್ತಿದ್ದಾನೆ. ಓದಲು ಜಾಗವಿಲ್ಲವೆಂದು ಮಗಳು ಮುಖ ಊದಿಸಿಕೊಂಡಿದ್ದಾಳೆ. ನಂಜನಗೂಡು, ತಿ. ನರಸೀಪುರದ ಕಡೆ ಕಸುಬನ್ನೇ ನೆಚ್ಚಿದ ಮನೆಗಳಲ್ಲಿ ಇದು ಹೊಸ ಚಿತ್ರವೇನಲ್ಲ.

ಇದಕ್ಕೆ ಒಳ್ಳೆಯ ಪರಿಹಾರವೆಂದರೆ ಮನೆಗೆ ಅಂಟದಂತೆ ಹಿತ್ತಿಲಲ್ಲೊಂದು ಕೆಲಸದ ಕೋಣೆ. ಆದರೆ ಆ ಮಾತು ಬಂದಾಗ ಸಾಮಾನ್ಯವಾಗಿ ಏನಾಗುತ್ತದೆ? ಗಂಡಸರು ಮೇಸ್ತ್ರಿಯೊಂದಿಗೆ ನಿಂತು ಅಳತೆ ಹಾಕಿಸುತ್ತಾರೆ. ಕೋಣೆ ಏಳುತ್ತದೆ, ಯಂತ್ರಗಳು ಬರುತ್ತವೆ, ಮಿಕ್ಕ ಜಾಗದಲ್ಲಿ ಹಳೆಯ ಸಾಮಾನು ತುಂಬುತ್ತದೆ. ನಿಮ್ಮ ಹೊಲಿಗೆ ಯಂತ್ರ ಮಾತ್ರ ಹಜಾರದ ಮೂಲೆಯಲ್ಲೇ ಉಳಿಯುತ್ತದೆ. ಆದ್ದರಿಂದ ನಿಮ್ಮ ಮಾತು ಅಡಿಪಾಯ ತೋಡುವ ಮೊದಲೇ ಆಗಬೇಕು.

ಮೊದಲು ಕಾಗದ, ಆಮೇಲೆ ಮೇಸ್ತ್ರಿ

ಒಂದು ಸಂಜೆ ಎಲ್ಲರೂ ಕೂತು ಬರೆಯಿರಿ. ಯಾರಿಗೆ ಯಾವ ಕೆಲಸ? ದಿನಕ್ಕೆ ಎಷ್ಟು ಹೊತ್ತು? ಅದರಿಂದ ಧೂಳು, ಸದ್ದು, ನೀರು, ಬೆಂಕಿ ಯಾವುದು ಬರುತ್ತದೆ? ಯಜಮಾನರ ಮರಗೆಲಸ, ನಿಮ್ಮ ಹೊಲಿಗೆ, ಮಗಳ ಕಸೂತಿ, ಮಗನ ಸೈಕಲ್ ರಿಪೇರಿ, ದಾದಿಯ ಕ್ರೋಷಾ ಎಲ್ಲವೂ ಪಟ್ಟಿಯಲ್ಲಿರಲಿ. ದುಡ್ಡು ತರದ ಕೆಲಸವೆಂದು ಯಾವುದನ್ನೂ ಹೊಡೆದು ಹಾಕಬೇಡಿ. ಆಮೇಲೆ ಅಂಗಳದಲ್ಲಿ ಸುಣ್ಣದ ಗೆರೆ ಎಳೆದು, ಯಂತ್ರ, ಮೇಜುಗಳನ್ನು ಅದರೊಳಗೆ ಇಟ್ಟು ಓಡಾಡಿ ನೋಡಿ. ಕಾಗದದಲ್ಲಿ ದೊಡ್ಡದಾಗಿ ಕಂಡ ಕೋಣೆ ಅಲ್ಲಿ ಚಿಕ್ಕದಾಗಿ ಬಿಡುತ್ತದೆ.

ನೀರು ಎಲ್ಲಿಯವರೆಗೆ ಬಂದಿತ್ತು?

ನಮ್ಮದು ನದಿಯ ಊರು. ವಯನಾಡಿನಲ್ಲಿ ಮಳೆ ಜೋರಾದಾಗ ಬೀಚನಹಳ್ಳಿಯ ಕಬಿನಿ ಅಣೆಕಟ್ಟಿನಿಂದ ನೀರು ಬಿಡುತ್ತಾರೆ. ನಂಜನಗೂಡಿನಲ್ಲಿ ಕಪಿಲೆ ಉಕ್ಕುತ್ತಾಳೆ. ತಿ. ನರಸೀಪುರದಲ್ಲಿ ಅದಕ್ಕೆ ಕಾವೇರಿಯೂ ಸೇರುತ್ತದೆ. 2018 ಮತ್ತು 2019ರ ಆಗಸ್ಟ್ ತಿಂಗಳುಗಳನ್ನು ಹೊಳೆಯ ದಡದ ಮನೆಗಳು ಮರೆತಿಲ್ಲ. ನೀರಿನಲ್ಲಿ ಮುಳುಗಿದ ಮೋಟಾರು ಒಂದು ಕುಟುಂಬದ ಹಲವು ತಿಂಗಳ ಅನ್ನವನ್ನೇ ಕಿತ್ತುಕೊಳ್ಳಬಹುದು.

ಆದ್ದರಿಂದ ಆ ವರ್ಷಗಳಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ನೆರೆಹೊರೆಯ ಹಿರಿಯರನ್ನು ಕೇಳಿ, ಕೋಣೆಯ ನೆಲ ಅದಕ್ಕಿಂತ ಮೇಲಿರುವಂತೆ ಮಾಡಿ. ಸ್ವಿಚ್ಚು, ಪ್ಲಗ್ಗುಗಳನ್ನು ನೆಲದಿಂದ 4 ಅಡಿ ಮೇಲಿಡಿ. ನಿಮ್ಮದು ಎರೆಮಣ್ಣಿನ ಜಾಗವಾದರೆ ಇನ್ನೊಂದು ಎಚ್ಚರ ಬೇಕು. ಆ ಮಣ್ಣು ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುತ್ತದೆ. ಅಡಿಪಾಯ ಆಳಕ್ಕೆ ಹೋಗದಿದ್ದರೆ ಗೋಡೆ ಸೀಳುತ್ತದೆ.

ಧೂಳಿಗೊಂದು ಕಡೆ, ಬಟ್ಟೆಗೊಂದು ಕಡೆ

ತಿ. ನರಸೀಪುರದ ಸರಕಾರಿ ರೇಷ್ಮೆ ಕಾರ್ಖಾನೆಯಲ್ಲಿ ಗೂಡಿನಿಂದ ನೂಲು ತೆಗೆಯುತ್ತಾರೆ. ಸೀರೆ ನೇಯುವುದು ಮೈಸೂರಿನಲ್ಲಿ, 1912ರಲ್ಲಿ ಶುರುವಾದ ಕಾರ್ಖಾನೆಯಲ್ಲಿ. ಬಿಸಿನೀರಿನ ಕೆಲಸಕ್ಕೆ ಒಂದು ಜಾಗ, ಮಗ್ಗದ ಕೆಲಸಕ್ಕೆ ಇನ್ನೊಂದು. ನಿಮ್ಮ ಹಿತ್ತಿಲಲ್ಲೂ ಇದೇ ಲೆಕ್ಕವಿರಲಿ.

12 ಅಡಿ ಅಗಲ, 18 ಅಡಿ ಉದ್ದದ ಕೋಣೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ನಡುವೆ ಗೋಡೆಯೆಬ್ಬಿಸಿ 10 ಅಡಿ ಮರಗೆಲಸಕ್ಕೆ, 8 ಅಡಿ ಹೊಲಿಗೆ, ಕಸೂತಿ, ಓದಿಗೆ ಕೊಡಿ. ಪ್ಲೈವುಡ್ ಹಲಗೆ 8 ಅಡಿ ಉದ್ದ, 4 ಅಡಿ ಅಗಲವಿರುತ್ತದೆ. ಅದನ್ನು ನಡುವೆ ಇಟ್ಟು ಎರಡು ಬದಿ ಮೂರು ಮೂರು ಅಡಿ ಓಡಾಟಕ್ಕೆ ಬಿಟ್ಟರೆ 10 ಅಡಿ ಆಯಿತು. ಗೋಡೆಯ ಮೇಜು ಮಡಚುವಂಥದ್ದಾದರೆ ಇಷ್ಟು ಸಾಕು.

ಎರಡು ಭಾಗಕ್ಕೂ ಬೇರೆ ಬೇರೆ ಬಾಗಿಲು ಇಡಿ. ನಡುಗೋಡೆಯಲ್ಲಿ ಬಾಗಿಲು ಬೇಡ. ಇದು ಧೂಳಿಗಾಗಿ ಮಾತ್ರವಲ್ಲ. ಬ್ಲೌಸ್ ಅಳತೆಗೆ ಬರುವ ಹೆಂಗಸರು ಮರದ ಕೆಲಸಕ್ಕೆ ಬಂದ ಗಂಡಸರ ನಡುವೆ ಹಾದು ಬರಬೇಕಾಗಿಲ್ಲ. ಒಳಗೊಂದು ಪರದೆಯ ಮೂಲೆಯೂ ಇದ್ದರೆ ನಿಮ್ಮ ಗಿರಾಕಿಗಳಿಗೆ ಸಮಾಧಾನ.

ಮರದ ಪುಡಿಯನ್ನು ಹಗುರಾಗಿ ಕಾಣಬೇಡಿ. ಅದು ಕ್ಯಾನ್ಸರ್ ತರಬಲ್ಲುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಹೇಳಿದೆ. ದಮ್ಮಿನ ತೊಂದರೆಯಿರುವ ಮಗುವಿಗಂತೂ ಅದು ನೇರ ಶತ್ರು. ಆಷಾಢದ ಗಾಳಿ ಪಶ್ಚಿಮ, ನೈಋತ್ಯದಿಂದ ಬೀಸುತ್ತದೆ. ಜಾಗವಿದ್ದರೆ ಕೋಣೆಯನ್ನು ಮನೆಯ ಪೂರ್ವಕ್ಕೆ ಹಾಕಿ, ಧೂಳು ಮನೆಯಿಂದಾಚೆ ಹೋಗಲಿ. ಉಜ್ಜುವಾಗ ಯಜಮಾನರು ಮಾಸ್ಕ್ ಹಾಕಲಿ, ಆ ಬಟ್ಟೆಯಲ್ಲೇ ಮಗುವನ್ನು ಎತ್ತಿಕೊಳ್ಳದಿರಲಿ.

ಮಾಡು, ಬೆಳಕು, ಕರೆಂಟು

ಕಲ್ನಾರು ಬೆರೆತ ಸಿಮೆಂಟ್ ಶೀಟು ಅಗ್ಗವೆಂದು ಆಸೆ ಪಡಬೇಡಿ. ಅದನ್ನು ಕೊಯ್ದಾಗ, ತೂತು ಹೊಡೆದಾಗ ಏಳುವ ನಾರು ಶ್ವಾಸಕೋಶಕ್ಕೆ ಅಪಾಯ. ತಗಡಾದರೆ ಏಪ್ರಿಲಿನಲ್ಲಿ ಒಳಗೆ ಕೂರಲಾಗದು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಹೆಂಚಿನ ಕೆಲಸ ಇಂದಿಗೂ ನಮ್ಮ ಸೆಕೆಗೆ ಒಳ್ಳೆಯ ಉತ್ತರ. ಹಳೆಯ ಮನೆ ಕೆಡವಿದ ಹೆಂಚು ಸಿಕ್ಕರೆ ಖರ್ಚೂ ಕಡಿಮೆ.

ಹೊಲಿಗೆಯ ಕಡೆಗೆ ಉತ್ತರದ ಕಿಟಕಿ ದೊಡ್ಡದಿರಲಿ. ಆ ಬೆಳಕು ಕಣ್ಣಿಗೆ ಕುಕ್ಕುವುದಿಲ್ಲ, ದಾರದ ಬಣ್ಣವೂ ಸರಿಯಾಗಿ ಕಾಣುತ್ತದೆ. ಮನೆಯಿಂದ ಕೋಣೆಗೆ ತಂತಿಯನ್ನು ತೂಗುಬಿಡದೆ ಪೈಪಿನೊಳಗೆ ನೆಲದಡಿ ತನ್ನಿ. ಸರಿಯಾದ ಅರ್ಥಿಂಗ್ ಇರಲಿ. ಶಾಕ್ ಹೊಡೆದ ಕೂಡಲೇ ಕರೆಂಟು ಕಡಿಯುವ 30 ಮಿಲಿ ಆಂಪಿಯರಿನ ಬ್ರೇಕರ್ ಹಾಕಿಸಿ.

2023ರಲ್ಲಿ ಬಂದ ಗೃಹಜ್ಯೋತಿ ಮನೆ ಬಳಕೆಗೆ ಮಾತ್ರ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲು ಕಟ್ಟಬೇಕು. ಕಸುಬಿಗಾಗಿ ಯಂತ್ರ ಓಡಿಸುವುದಾದರೆ ಬೇರೆ ಮೀಟರಿನ ಬಗ್ಗೆ ಚೆಸ್ಕಾಂ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಕಟ್ಟುವ ಮೊದಲು ನಗರಸಭೆ, ಪುರಸಭೆ ಅಥವಾ ಗ್ರಾಮ ಪಂಚಾಯಿತಿಯಲ್ಲಿ ಪರವಾನಗಿಯನ್ನೂ ಕೇಳಿ.

ಮಕ್ಕಳು, ನೆರೆಯವರು

ಗರಗಸವಿರುವ ಭಾಗಕ್ಕೆ ಬೀಗವಿರಲಿ, ಮುಖ್ಯ ಸ್ವಿಚ್ಚು ಮಕ್ಕಳ ಕೈಗೆ ಎಟುಕದಿರಲಿ. ಕೋಣೆಯ ಬಾಗಿಲು ಅಡುಗೆ ಮನೆಯ ಕಿಟಕಿಗೆ ಕಾಣುವಂತಿರಲಿ. ಥಿನ್ನರ್, ಪಾಲಿಶ್ ಡಬ್ಬಿಗಳನ್ನು ಒಲೆಯಿಂದ ದೂರವಿಡಿ. ಅಗಸೆ ಎಣ್ಣೆಯಲ್ಲಿ ನೆನೆದ ಬಟ್ಟೆ ಮುದ್ದೆ ತಾನಾಗಿಯೇ ಹೊತ್ತಿಕೊಳ್ಳಬಲ್ಲುದು. ಅದನ್ನು ಹರವಿ ಒಣಗಿಸಿ.

ನೆರೆಯವರ ಹಕ್ಕೂ ಇದೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದಂತೆ ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45. ಕತ್ತರಿಸುವ ಕೆಲಸಕ್ಕೆ ಹಗಲಿನ ಹೊತ್ತು ಗೊತ್ತು ಮಾಡಿ, ಪಕ್ಕದ ಮನೆಯವರಿಗೂ ಹೇಳಿ. ಅವರ ಮನೆಯಲ್ಲಿ ಹಸುಗೂಸೋ ರೋಗಿಯೋ ಇರಬಹುದು.

ಸಾಲವಿಲ್ಲದ ದಾರಿ

ಎಲ್ಲವನ್ನೂ ಒಂದೇ ಸಲ ಮಾಡಬೇಕೆಂದಿಲ್ಲ. ಮೊದಲ ವರ್ಷ ಅಡಿಪಾಯ, ಕಂಬ, ಮಾಡು. ಎರಡನೆಯ ವರ್ಷ ಗೋಡೆ, ಬಾಗಿಲು. ಆಮೇಲೆ ನೆಲ, ಬಣ್ಣ. ಬಡ್ಡಿಗೆ ತಂದು ಆರು ತಿಂಗಳಲ್ಲಿ ಕಟ್ಟಿದ ಕೋಣೆಗಿಂತ ಕೈಯಲ್ಲಿದ್ದ ಹಣದಲ್ಲಿ ಮೂರು ವರ್ಷ ಕಟ್ಟಿದ ಕೋಣೆಯಲ್ಲಿ ನಿದ್ದೆಗೆಡದೆ ದುಡಿಯಬಹುದು. 2023ರ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಮರಗೆಲಸ, ದರ್ಜಿ ಕೆಲಸ ಎರಡೂ ಇವೆ. ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವುಂಟು, ಆದರೆ ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ. ಆ ಒಬ್ಬರು ನೀವೇ ಏಕಾಗಬಾರದು? ಮನೆಯಲ್ಲಿ ಕೂತು ಮಾತಾಡಿ.

ನಡುಗೋಡೆಯನ್ನು ಮಾತ್ರ ಕೊನೆಗೆ ಬಿಡಬೇಡಿ. "ಆಮೇಲೆ ಕಟ್ಟಿದರಾಯಿತು" ಎಂದ ಗೋಡೆ ಏಳುವುದೇ ಇಲ್ಲ. ಆ 8 ಅಡಿಯಲ್ಲಿ ನಿಮ್ಮ ಸಂಪಾದನೆಯಿದೆ, ಮಗಳ ಓದಿದೆ, ಮಗನ ಉಸಿರಿದೆ. ಗೋಡೆಯ ಮೊದಲ ಸಾಲು ಇಡುವ ದಿನ ನೀವೂ ಹಿತ್ತಿಲಿಗೆ ಹೋಗಿ ನಿಲ್ಲಿ. ಬಾಗಿಲ ಬೀಗದ ಒಂದು ಕೈ ನಿಮ್ಮ ಸೆರಗಿನ ತುದಿಯಲ್ಲಿರಲಿ.