ಏಳು ಗ್ರಾಂ ಜೀವಕ್ಕೆ ಬಳ್ಳಾರಿಯ ಬಿಸಿಲು

ಬಳ್ಳಾರಿ ಸೀಮೆಗೆ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ಹೊರಗಿನವರು ಆಡಿಕೊಳ್ಳುತ್ತಾರೆ. ಆ ಬಿಸಿಲನ್ನೇ ಬೇಡುವ ಜೀವಿಯೊಂದಿದೆ: ಆಗತಾನೇ ಮೊಟ್ಟೆಯೊಡೆದ ಗೌಜಲ ಮರಿ. ತೂಕ ಏಳೆಂಟು ಗ್ರಾಂ, ಅದೇ ವಯಸ್ಸಿನ ಕೋಳಿಮರಿಯ ಐದನೇ ಒಂದು ಪಾಲು. ಮೊದಲ ವಾರ ಅದರ ಸುತ್ತ 35ರಿಂದ 37 ಡಿಗ್ರಿ ಸೆಲ್ಸಿಯಸ್ ಕಾವಿರಬೇಕು. ಏಪ್ರಿಲ್ ಮಧ್ಯಾಹ್ನ ಸಿರುಗುಪ್ಪದ ತಗಡಿನ ಶೆಡ್ಡಿನಲ್ಲಿ ಬಲ್ಬು ಹಾಕದೆಯೇ ಅಷ್ಟು ಸಿಗುತ್ತದೆ. ಹಾಕಿದರೆ ಮರಿ ಬೆಂದೇಹೋಗುತ್ತದೆ. ಡಿಸೆಂಬರ್ ರಾತ್ರಿ ಅದೇ ಶೆಡ್ಡಿನಲ್ಲಿ ಕರೆಂಟು ಹೋದರೆ ಬೆಳಗಾಗುವಷ್ಟರಲ್ಲಿ ಮರಿ ಸೆಟೆದಿರುತ್ತದೆ.

ಕಾರಣ ಸರಳ. ದೇಹ ಚಿಕ್ಕದಾದಷ್ಟೂ ಶಾಖ ಹುಟ್ಟಿಸುವ ಮಾಂಸ ಕಡಿಮೆ, ಶಾಖ ಸೋರುವ ಚರ್ಮದ ಪಾಲು ಹೆಚ್ಚು. ಮೈಮೇಲಿನ ನವಿರು ತುಪ್ಪಳ ಒದ್ದೆಯಾದರಂತೂ ಇದ್ದೂ ಇಲ್ಲದಂತೆ. ಗರಿ ಮೂಡಿ, ತನ್ನ ಬಿಸಿಯನ್ನು ತಾನೇ ಕಾಯ್ದುಕೊಳ್ಳಲು ಎರಡು ಮೂರು ವಾರ ಹಿಡಿಯುತ್ತದೆ. ಎರೆ ಹೊಲದ ಕಾಡು ಗೌಜಲು, ಅಂದರೆ ಬುರ್ಲಿಯಾದರೆ ಮರಿಗಳನ್ನು ರೆಕ್ಕೆಯಡಿ ಎಳೆದುಕೊಳ್ಳುತ್ತದೆ. (ಅದರ ಮೊಟ್ಟೆ ತಂದು ಮರಿ ಮಾಡಿಸುವ ಉಮೇದು ಯಾರಿಗೂ ಬೇಡ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ.) ನಾವು ಸಾಕುವುದು ಜಪಾನಿ ಗೌಜಲು. 1974ರಲ್ಲಿ ಉತ್ತರ ಪ್ರದೇಶದ ಇಜತ್‌ನಗರಕ್ಕೆ ಬಂದ ತಳಿ. ತಲೆಮಾರುಗಟ್ಟಲೆ ಬರೀ ಮೊಟ್ಟೆಗಾಗಿ, ಮಾಂಸಕ್ಕಾಗಿ ಆರಿಸಿ ಆರಿಸಿ ಬೆಳೆಸಿದ್ದರಿಂದ ಇದಕ್ಕೆ ಕಾವು ಕೂರುವುದೇ ಮರೆತುಹೋಗಿದೆ. ಹದಿನೇಳು ಹದಿನೆಂಟು ದಿನ ಯಂತ್ರದ ಕಾವು, ಆಮೇಲೆ ಬಲ್ಬಿನ ಕಾವು.

ಯಂತ್ರದೊಳಗೆ ಕೊನೆಯ ದಿನ ನಡೆಯುವುದು ಸೋಜಿಗದ ಸಂಗತಿ. ಚಿಪ್ಪಿನೊಳಗಿನ ಮರಿಗಳು ಉಸಿರಾಡುತ್ತ ಟಿಕ್ ಟಿಕ್ ಎಂದು ಸದ್ದು ಮಾಡುತ್ತವೆ. ಕೇಂಬ್ರಿಜ್‌ನ ವಿಜ್ಞಾನಿ ಮಾರ್ಗರೆಟ್ ವಿನ್ಸ್ 1960ರ ದಶಕದಲ್ಲಿ ಇದನ್ನು ಬೆನ್ನುಹತ್ತಿ ಪರೀಕ್ಷಿಸಿದರು. ಪಕ್ಕದ ಮೊಟ್ಟೆಯ ಟಿಕ್ ಟಿಕ್ ತಾಗಿದರೆ ಹಿಂದುಳಿದ ಮರಿ ಅವಸರ ಮಾಡಿ ಹೊರಬೀಳುತ್ತದೆ. ಹಾಗಾಗಿ ಇಡೀ ಗೂಡು ಕೆಲವೇ ಗಂಟೆಗಳಲ್ಲಿ ಒಡೆಯುತ್ತದೆ. ಹೊಲದಲ್ಲಿ ತಾಯಿ ಎಲ್ಲವನ್ನೂ ಒಟ್ಟಿಗೆ ಕರೆದುಕೊಂಡು ಹೊರಡಬೇಕಲ್ಲ, ತಡವಾದವನು ನರಿಯ ಪಾಲು. ಉಳಿದವೂ ಬೆನ್ನಿಗೇ ಬರುವುದರಿಂದ ಮೊದಲ ಮರಿ ಕಂಡೊಡನೆ ಯಂತ್ರದ ಬಾಗಿಲು ತೆಗೆಯಬಾರದು. ತೆಗೆದರೆ ತೇವ ಹಾರಿ, ಇನ್ನೂ ಒಳಗಿರುವ ಮರಿಗೆ ಪೊರೆ ಒಣಗಿ ಅಂಟಿಕೊಳ್ಳುತ್ತದೆ. ಬಳ್ಳಾರಿಯ ಒಣಗಾಳಿಯಲ್ಲಿ ಅದಕ್ಕೆ ಹೆಚ್ಚು ಹೊತ್ತು ಬೇಡ. ಹೊರಬಂದ ಮರಿ ಹಸಿದು ಸಾಯುವುದಿಲ್ಲ. ಹೊಟ್ಟೆಯೊಳಗೆ ಎಳೆದುಕೊಂಡ ಭಂಡಾರದ, ಅಂದರೆ ಮೊಟ್ಟೆಯ ಹಳದಿಯ, ಬುತ್ತಿ ಒಂದು ದಿನಕ್ಕೆ ಧಾರಾಳ. ಮೈ ಆರಿ ಉಬ್ಬಿದ ಮೇಲೆ ಎತ್ತಿದರೆ ಸಾಕು.

ಬ್ರೂಡರಿನಲ್ಲಿ, ಅಂದರೆ ಬಲ್ಬು ಹಾಕಿ ಮರಿಗೆ ಕಾವು ಕೊಡುವ ಗೂಡಿನಲ್ಲಿ, ಥರ್ಮಾಮೀಟರಿಗಿಂತ ಮರಿಗಳನ್ನೇ ನಂಬುವುದು ಮೇಲು. ಬಲ್ಬಿನ ಕೆಳಗೆ ಗುಂಪುಗಟ್ಟಿ ಚೀರಿದರೆ ಚಳಿ. ಅಂಚಿಗೆ ಸರಿದು, ಕೊಕ್ಕು ತೆರೆದು, ರೆಕ್ಕೆ ಹರಡಿ ಮಲಗಿದರೆ ಸೆಕೆ. ಎಲ್ಲೆಡೆ ಚದುರಿ ಮೇಯುತ್ತಿದ್ದರೆ ಹದ. ಸುತ್ತಣ ತಡೆ ದುಂಡಗಿರಲಿ, ಮೂಲೆಯಿದ್ದರೆ ಒಂದರ ಮೇಲೊಂದು ಒತ್ತಿ ಅಡಿಯವು ಉಸಿರುಗಟ್ಟುತ್ತವೆ. ಇನ್ನು ಎಲ್‌ಇಡಿ ಬಲ್ಬು. ಬೆಳಕು ಝಗ್ಗನೆ ಬರುತ್ತದೆ, ಮರಿಗೆ ಬೇಕಾದ ಶಾಖ ಬರುವುದಿಲ್ಲ. ಹಳೆಯ ತಂತಿ ಬಲ್ಬೇ ಆಗಬೇಕು.

ಸಿರುಗುಪ್ಪದ ರೈಸ್ ಮಿಲ್ಲುಗಳಲ್ಲಿ ಭತ್ತದ ಹೊಟ್ಟಿಗೆ ಕೊರತೆಯಿಲ್ಲ; ನೆಲಕ್ಕೆ ಹಾಸಲು ಅದು ಚೆನ್ನ. ಆದರೆ ಮೊದಲ ಕೆಲವು ದಿನ ಮರಿಗೆ ಹೊಟ್ಟೂ ಒಂದೇ, ಮೇವೂ ಒಂದೇ, ತಿಂದುಬಿಡುತ್ತದೆ. ಹೊಟ್ಟಿನ ಮೇಲೆ ಗೋಣಿಯೋ ಒರಟು ಬಟ್ಟೆಯೋ ಹಾಸಬೇಕು. ಬರೀ ನ್ಯೂಸ್‌ಪೇಪರ್ ಹಾಕಿದರೆ ಕಾಲು ಜಾರಿ, ತೊಡೆ ಅಗಲಿ, ಕುಂಟಾಗುವುದುಂಟು. ಹಿಡಿತವಿಲ್ಲದ ಕಾಲಿನ ಪಾಡು ಏನೆಂದು ಗಗನದಲ್ಲೂ ಕಂಡಿದೆ. 1990ರ ಮಾರ್ಚ್‌ನಲ್ಲಿ ಸೋವಿಯತ್ ಒಕ್ಕೂಟದ ಮೀರ್ ಬಾಹ್ಯಾಕಾಶ ನಿಲ್ದಾಣದಲ್ಲಿ ಗೌಜಲ ಮೊಟ್ಟೆಗಳು ಒಡೆದು ಮರಿಯಾದವು. ಕಾಲೂರಲು ನೆಲವಿಲ್ಲದೆ ತೇಲಾಡಿದ ಮರಿಗಳು ತಾವಾಗಿ ಮೇವು ಹೆಕ್ಕಲಾರದೆ ಹೋದವು.

ನೀರಿನ ತಟ್ಟೆ ಇನ್ನೊಂದು ಮೃತ್ಯು. ಬೆರಳುದ್ದದ ಮರಿ ಅರ್ಧ ಇಂಚು ನೀರಿನಲ್ಲೇ ಮುಳುಗುತ್ತದೆ. ತಟ್ಟೆಯಲ್ಲಿ ಹರಳು ತುಂಬಿಡಬೇಕು. ಕಲ್ಲುಗುಡ್ಡಗಳ ಕುರುಗೋಡಿನಲ್ಲಿ ಹರಳಿಗೇನು ಬರ! ಮೇವಿನಲ್ಲಿ ಮೊದಲ ಮೂರು ವಾರ ಶೇಕಡ 27ರಷ್ಟು ಪ್ರೋಟೀನ್ ಇರಬೇಕು. ನಮ್ಮ ಜೋಳದಲ್ಲಿರುವುದು 10ರ ಆಸುಪಾಸು, ಅಕ್ಕಿ ನುಚ್ಚಿನಲ್ಲಿ ಅದಕ್ಕೂ ಕಡಿಮೆ. ಶೇಂಗಾ ಹಿಂಡಿ ಬೆರೆಸಿ ಸರಿದೂಗಿಸಬಹುದು, ಆದರೆ ಬೂಷ್ಟು ಹಿಡಿದ ಹಿಂಡಿಯ ಅಫ್ಲಾಟಾಕ್ಸಿನ್ ಎಂಬ ವಿಷ ನೇರ ಯಕೃತ್ತಿಗೇ ಬಡಿಯುತ್ತದೆ. ಹಿಂಡಿಯ ವಾಸನೆಯಲ್ಲಿ ಸ್ವಲ್ಪ ಅನುಮಾನ ಬಂದರೂ ಅಂಗಡಿಯ ಸ್ಟಾರ್ಟರ್ ಮೇವಿಗೆ ದುಡ್ಡು ಹಾಕುವುದೇ ವಾಸಿ.

ವಾರಕ್ಕೆ ಮೂರು ಡಿಗ್ರಿಯಂತೆ ಕಾವು ಇಳಿಸುತ್ತ ಹೋದರೆ ಮೂರನೇ ವಾರ ಮುಗಿಯುವ ಹೊತ್ತಿಗೆ ಬಲ್ಬಿನ ಕೆಲಸ ಮುಗಿಯಿತು. ಅಲ್ಲಿಂದಾಚೆ ಲೆಕ್ಕ ತಿರುವುಮುರುವು: ಗರಿ ತುಂಬಿದ ಹಕ್ಕಿಗೆ ಹಿತವಾದದ್ದು ಇಪ್ಪತ್ತು ಇಪ್ಪತ್ತೈದು ಡಿಗ್ರಿ. ಮೇ ತಿಂಗಳಲ್ಲಿ ಶೆಡ್ಡಿನ ಮೇಲೆ ಒದ್ದೆ ಗೋಣಿ ಹೊದಿಸಿ, ದಿನಕ್ಕೆರಡು ಸಲ ತಣ್ಣೀರು ಬದಲಿಸಿ ಐದನೇ ವಾರ ದಾಟಿಸಿದರೆ ಹಕ್ಕಿ 200 ಗ್ರಾಂ ಆಸುಪಾಸು ತೂಗುತ್ತದೆ. ಮಾರದೆ ಉಳಿಸಿಕೊಂಡ ಹೆಣ್ಣುಗಳು ಆರೇಳನೇ ವಾರಕ್ಕೆ ಮೊಟ್ಟೆಗೆ ಬರುತ್ತವೆ.