ಹಣೆಬರಹವೂ ಮನುಷ್ಯಪ್ರಯತ್ನವೂ

ಉಪಾಧ್ಯಾಯವೃತ್ತಿಯಲ್ಲಿದ್ದ ಕಾಲದಲ್ಲಿ ನಾವು ಒಂದು ಮಾತನ್ನು ಬಹು ಸುಲಭವಾಗಿ ಆಡುತ್ತಿದ್ದೆವು. ಚಿಂತಾಮಣಿಯ ಕಡೆಯ ರೈತನೊಬ್ಬನು ಪಾಠ ಹತ್ತದ ತನ್ನ ಮಗನನ್ನು ಕರೆತಂದು, ಏನು ಮಾಡಲೆಂದು ಕೇಳಿದಾಗ, ಅವನ ಹಣೆಯಲ್ಲಿ ವಿದ್ಯೆ ಬರೆದಿಲ್ಲವೆಂದುಬಿಟ್ಟೆವು. ತಂದೆಯು ಅದನ್ನೇ ಶಾಸ್ತ್ರವೆಂದು ನಂಬಿ ಹುಡುಗನನ್ನು ಶಾಲೆಯಿಂದ ಬಿಡಿಸಿದನು. ನಿವೃತ್ತರಾದ ಮೇಲೆ ಯೆಹೂದ್ಯರ ಸೃಷ್ಟಿವಿಚಾರವನ್ನು ಓದುತ್ತಿರುವಾಗ ಆ ಮಾತು ನೆನಪಿಗೆ ಬಂದು ನಾಚಿಕೆಯುಂಟಾಯಿತು.

ದೇವರು ಆರು ದಿನಗಳಲ್ಲಿ ಲೋಕವನ್ನು ನಿರ್ಮಿಸಿ, ಎಲ್ಲವೂ ಬಹು ಚೆನ್ನಾಗಿದೆಯೆಂದು ಕಂಡನೆಂಬುದು ಯೆಹೂದ್ಯರ ಮೂಲಗ್ರಂಥದ ಕಥೆ. ಹಾಗಾದರೆ ಮನುಷ್ಯನಲ್ಲಿ ದುಷ್ಪ್ರವೃತ್ತಿ ಎಲ್ಲಿಂದ ಬಂದಿತು? ಅವರ ಪಂಡಿತರಾದ ರಬ್ಬಿಗಳ ಉತ್ತರವು ವಿಚಿತ್ರವಾದುದು: ಅದೂ ಸೃಷ್ಟಿಕರ್ತನು ಮೆಚ್ಚಿದುದರಲ್ಲಿಯೇ ಸೇರಿದೆ, ಅದಿಲ್ಲದಿದ್ದರೆ ಯಾರೂ ಮನೆ ಕಟ್ಟುತ್ತಿರಲಿಲ್ಲ, ಮದುವೆಯಾಗುತ್ತಿರಲಿಲ್ಲ, ವ್ಯಾಪಾರ ಮಾಡುತ್ತಿರಲಿಲ್ಲ. ಶಿಡ್ಲಘಟ್ಟದಲ್ಲಿ ರೇಷ್ಮೆ ಬಿಚ್ಚುವುದನ್ನು ಕಂಡವರಿಗೆ ಇದು ತಿಳಿಯದ ವಿಷಯವಲ್ಲ. ಬೆಂಕಿಯಿಲ್ಲದೆ ಗೂಡು ಸಡಿಲವಾಗದು. ಬೆಂಕಿ ಮೀರಿದರೆ ನೂಲು ಕೆಡುವುದು. ಉರಿಯನ್ನು ಕಾಯತಕ್ಕವನು ಒಲೆಯ ಮುಂದೆ ಕುಳಿತವನು.

ಆದಿಮಾನವನ ಹಿರಿಯ ಮಗನಾದ ಕಾಯಿನನು ತಮ್ಮನ ಮೇಲೆ ಕರುಬಿದಾಗ, ಪಾಪವು ಬಾಗಿಲಲ್ಲಿ ಹೊಂಚಿರುವುದಾದರೂ ಅದನ್ನು ಆಳುವ ಶಕ್ತಿ ನಿನಗುಂಟೆಂದು ದೇವರು ಅವನಿಗೆ ಮೊದಲೇ ಎಚ್ಚರಿಸಿದನಂತೆ. ಅವನು ಕೇಳಲಿಲ್ಲ, ಕೊಲೆಯಾಯಿತು. ದೇವರಿಗೆ ಎಲ್ಲವೂ ಮುಂದಾಗಿ ತಿಳಿದಿದ್ದರೆ ಸ್ವಾತಂತ್ರ್ಯವೆಲ್ಲಿ ಎಂಬ ತರ್ಕವನ್ನು ಅವರೂ ಎತ್ತಿರುವರು. ರಬ್ಬಿ ಅಕಿವಾ ಎಂಬವರು ಎರಡೂ ನಿಜವೆಂದು ಹೇಳಿ ಮುಗಿಸಿರುವರು. ನಾವೂ ಅದನ್ನು ಅಲ್ಲಿಗೇ ಬಿಡುವೆವು.

ನಮ್ಮನ್ನು ತಡೆದು ನಿಲ್ಲಿಸಿದ ಸ್ಥಳವು ಬೇರೆ. ತಾಲ್ಮೂದ್ ಎಂಬ ಅವರ ಗ್ರಂಥದಲ್ಲಿ, ಗರ್ಭಾಂಕುರದ ಸಮಯದಲ್ಲಿ ದೇವದೂತನೊಬ್ಬನು ಈ ಶಿಶು ಬಲಿಷ್ಠನೋ ದುರ್ಬಲನೋ, ಜಾಣನೋ ದಡ್ಡನೋ, ಧನಿಕನೋ ದರಿದ್ರನೋ ಎಂದು ದೇವರನ್ನು ಕೇಳುವನು; ಸಜ್ಜನನೋ ದುರ್ಜನನೋ ಎಂದು ಮಾತ್ರ ಕೇಳುವುದಿಲ್ಲ. ಇದನ್ನೋದಿ, ನಿಜ ಹೇಳುವುದಾದರೆ, ನಮಗೆ ಸಮಾಧಾನವೇ ಆಯಿತು. ದಡ್ಡತನವು ಪಟ್ಟಿಯಲ್ಲಿರುವುದಷ್ಟೆ!

ಆದರೆ ಮೈಮೋನಿದೀಸರು ನಮ್ಮನ್ನು ಹಾಗೆ ಬಿಡಲಿಲ್ಲ. ಸ್ಪೇನಿನಲ್ಲಿ ಹುಟ್ಟಿ, ಈಜಿಪ್ಟಿನಲ್ಲಿ ವೈದ್ಯರಾಗಿದ್ದು, ೧೨೦೪ ರಲ್ಲಿ ತೀರಿಕೊಂಡ ಈ ಮಹಾಪಂಡಿತರು, ಜಾಣತನ ದಡ್ಡತನಗಳು ಕೂಡ ಹುಟ್ಟಿನ ವಿಧಿಯಿಂದ ನಿರ್ಣಯವಾದುವಲ್ಲವೆಂದರು. ದೇಹಪ್ರಕೃತಿಯಿಂದ ಒಬ್ಬನಿಗೆ ಗ್ರಹಣವು ಸುಲಭ, ಇನ್ನೊಬ್ಬನಿಗೆ ಕಷ್ಟ, ಅಷ್ಟನ್ನು ಒಪ್ಪಿದರು. ಆದರೆ ಮಂದನಿಗೂ ಕಲಿಸಿ, ಅವನ ಶಕ್ತಿಯನ್ನೆಬ್ಬಿಸಿದರೆ, ಶ್ರಮದಿಂದಲಾದರೂ ತಿಳಿದೇ ತಿಳಿಯುವನು. ಜಾಣನಿಗೆ ಕಲಿಸದಿದ್ದರೆ ಅವನೂ ಅಜ್ಞನಾಗಿಯೇ ಉಳಿಯುವನು ಎಂದು ಅವರ ಅಭಿಪ್ರಾಯ. ಹಾಗಾದರೆ ಹೊಣೆಯು ಹುಡುಗನ ಹಣೆಯದಲ್ಲ, ಕಲಿಸತಕ್ಕವನದಾಯಿತು.

ಇದಕ್ಕೆ ದೂರದ ಯೆಹೂದ್ಯರವರೆಗೆ ಹೋಗಬೇಕಾಗಿಯೂ ಇರಲಿಲ್ಲ. ಗೌರಿಬಿದನೂರಿನ ಸಮೀಪದಲ್ಲಿ ವಿದುರಾಶ್ವತ್ಥವಿದೆ. (ಅಲ್ಲಿ ೧೯೩೮ ರ ಏಪ್ರಿಲ್ ೨೫ ರಂದು ನಡೆದ ಗೋಲೀಬಾರಿನ ವಿಷಯವು ಬೇರೆಯೇ ಲೇಖನಕ್ಕೆ ತಕ್ಕುದು.) ವಿದುರನು ನೆಟ್ಟನೆಂದು ಜನರು ನಂಬಿದ್ದ ಮರವು ೨೦೦೧ ರಲ್ಲಿ ಬಿದ್ದುಹೋಯಿತು. ಆ ವಿದುರನು ದಾಸೀಪುತ್ರನಾಗಿ ಹುಟ್ಟಿಯೂ ಧರ್ಮಜ್ಞನಾದನು. ಧೃತರಾಷ್ಟ್ರನಿಗೆ ಹುಟ್ಟು ಕೊಟ್ಟುದು ಕುರುಡುತನವನ್ನು ಮಾತ್ರ; ಮಗನ ಅನ್ಯಾಯವನ್ನು ಕಾಣದಿದ್ದುದು ಅವನ ಸ್ವಂತ ಕೆಲಸ. ಜೂಜಿಗೆ ಒಪ್ಪಿಗೆಯಿತ್ತು, ಅದನ್ನು ದೈವದ ಮೇಲೆ ಹೊರಿಸಿದನು. ಸ್ವತಂತ್ರನಾದವನನ್ನೇ ಪಾಣಿನಿಯು ಕರ್ತೃವೆಂದಿರುವನಷ್ಟೆ. ಈ ಸೂತ್ರವನ್ನು ನಾವು ಎಷ್ಟೋ ವರ್ಷ ಪಾಠ ಹೇಳಿದ್ದೆವು. ಹೇಳುತ್ತಲೇ, ನಮ್ಮ ವಾಕ್ಯದಲ್ಲಿ ಹಣೆಬರಹವನ್ನು ಕರ್ತೃವನ್ನಾಗಿ ಮಾಡಿದ್ದೆವು!

ಆ ಹುಡುಗನು ಈಗ ನಲವತ್ತು ದಾಟಿದ ಗೃಹಸ್ಥ. ಈಚೆಗೆ ಚಿಂತಾಮಣಿಯ ಪೇಟೆಯಲ್ಲಿ ಎದುರಾಗಿ, ಕೈಮುಗಿದು, ತನ್ನ ಮಗಳಿಗೆ ಲೆಕ್ಕ ಹತ್ತದೆಂದೂ ತನ್ನಂತೆಯೇ ಬರೆದಿರಬೇಕೆಂದೂ ಹೇಳಿದನು. ಸಾಯಂಕಾಲ ನಮ್ಮ ಮನೆಗೆ ಕಳುಹಿಸೆಂದೆವು. ವಾರಕ್ಕೆ ಮೂರು ದಿನ ಬರುತ್ತಿರುವಳು. ಬಹು ನಿಧಾನ, ಭಿನ್ನರಾಶಿಯ ಕೂಡಿಸುವಿಕೆಯು ಕಳೆದ ಶುಕ್ರವಾರ ಬಂದಿತು.